ಬಾಯಿಗೆ ಬೆಣ್ಣೆ, ಹೊಲಕ್ಕೆ ಚರಗ



ಗಣೇಶ ಚೌತಿ ಕಳೆದು ನಾಲ್ಕು ದಿನಕ್ಕೆ, ಭಾದ್ರಪದ ಶುದ್ಧ ಅಷ್ಟಮಿಯಂದು, ನಮ್ಮ ಸೀಮೆಯ ಹಳ್ಳಿಗಳಲ್ಲಿ ಜೋಕುಮಾರ ಹುಟ್ಟುತ್ತಾನೆ. ಹಸಿ ಮಣ್ಣಿನ ಗೊಂಬೆ ಅವನು. ಆವಿಗೆಯಲ್ಲಿ ಸುಡುವುದಿಲ್ಲ. ಅಗಲ ಮುಖ, ಉಬ್ಬಿದ ಕಣ್ಣು, ಹುರಿ ಮೀಸೆ, ತೆರೆದ ಬಾಯಿ. ಬಿದಿರಿನ ಬುಟ್ಟಿಯ ತುಂಬ ಬೇವಿನ ಸೊಪ್ಪು ಹಾಸಿ, ಅದರ ನಡುವೆ ಅವನನ್ನು ಕೂರಿಸುತ್ತಾರೆ. ಬಾರಿಕರು, ಅಂಬಿಗರು, ಗಂಗಾಮತಸ್ಥರು, ಹೀಗೆ ಊರಿನ ರೂಢಿಯಂತೆ ಆಯಾ ಮನೆತನದ ಹೆಣ್ಣುಮಕ್ಕಳು ಆ ಬುಟ್ಟಿ ಹೊತ್ತು ಮನೆಮನೆಗೆ ಬರುತ್ತಾರೆ. ಅಂಗಳದಲ್ಲಿ ಬುಟ್ಟಿ ಇಳಿಸಿ ಸುತ್ತ ಕೂತು ಹಾಡುತ್ತಾರೆ. ಮನೆಯ ಹೆಂಗಸು ಮೊರದಲ್ಲಿ ಜೋಳವನ್ನೋ ಅಕ್ಕಿಯನ್ನೋ ತಂದು ಸುರಿಯುತ್ತಾಳೆ, ಜೊತೆಗೆ ಉಪ್ಪು, ಮೆಣಸಿನಕಾಯಿ. ಆಮೇಲೆ ಬೆರಳ ತುದಿಯಲ್ಲಿ ಬೆಣ್ಣೆ ತೆಗೆದು ಜೋಕುಮಾರನ ಬಾಯಿಗೆ ಸವರುತ್ತಾಳೆ. ನಾಲ್ಕಾರು ಓಣಿ ಸುತ್ತಿ ಬರುವಷ್ಟರಲ್ಲಿ ಗೊಂಬೆಯ ತುಟಿ, ಮೀಸೆ, ಗಲ್ಲ ಎಲ್ಲ ಬೆಣ್ಣೆಯಿಂದ ಮೆತ್ತಿಕೊಂಡು, ಬಿಸಿಲಿಗೆ ಕರಗಿ, ಮಣ್ಣಿನ ಎದೆಯ ಮೇಲೆ ಇಳಿದಿರುತ್ತದೆ.

ಇಂದು ನಾನು ಮಾತಾಡಬೇಕಾದ ವಿಷಯ ಸಾರ್ವಜನಿಕ ಕಲೆ. ಅದರಲ್ಲೂ ಅನ್ನ, ಊರಿನ ಬಾಳ್ವೆ, ಸುತ್ತಣ ಮಣ್ಣು ನೀರುಗಳನ್ನು ಕುರಿತ ಕಲೆ. ಸಾರ್ವಜನಿಕ ಕಲೆ ಎಂದರೆ ಸರ್ಕಲ್ಲಿನಲ್ಲಿ ನಿಲ್ಲಿಸಿದ ಪ್ರತಿಮೆ, ಕಾಂಪೌಂಡು ಗೋಡೆಗೆ ಬರೆಸಿದ ಚಿತ್ರ ಎಂದೇ ನಮಗೆ ರೂಢಿಯಾಗಿದೆ. ನಾನು ಜೋಕುಮಾರನಿಂದ ಶುರುಮಾಡಿದ್ದಕ್ಕೆ ಕಾರಣವಿದೆ. ದಾವಣಗೆರೆ ಹರಿಹರದ ಸೀಮೆಯಲ್ಲಿ ಇಷ್ಟು ಪೂರ್ಣವಾದ ಸಾರ್ವಜನಿಕ ಕಲೆ ಇನ್ನೊಂದು ಇದೆಯೆಂದು ನನಗೆ ಅನಿಸುವುದಿಲ್ಲ. ನಗರದ ಗೋಡೆಗಳನ್ನು ಚಂದ ಮಾಡಲು ಹೊರಟವರು ಮೊದಲು ಈ ಬುಟ್ಟಿಯ ಮುಂದೆ ಕೂರಬೇಕು ಎಂಬುದು ನನ್ನ ಮಾತು.

ಏಕೆಂದರೆ ಇದು ನೋಡಿ ಹೋಗುವ ಕಲೆಯಲ್ಲ, ಊರೆಲ್ಲ ಕೈಹಾಕಿದ ಮೇಲೆ ಮುಗಿಯುವ ಕಲೆ. ಕುಂಬಾರರು ಮಣ್ಣು ಕೊಡುತ್ತಾರೆ, ಮೇದಾರರು ಬುಟ್ಟಿ ಹೆಣೆದಿರುತ್ತಾರೆ, ಹೊತ್ತವರು ಹಾಡುತ್ತಾರೆ, ಪ್ರತಿ ಮನೆಯವರೂ ಅವನ ಮುಖಕ್ಕೆ ತಮ್ಮದೊಂದು ಬೆರಳಿನ ಗುರುತು ಬಿಡುತ್ತಾರೆ. ಕಾಳು ಕೊಟ್ಟವರಿಗೆ ಅವನ ಪ್ರಸಾದವೆಂದು ಹಿಡಿ ನುಚ್ಚು, ನಾಲ್ಕು ಬೇವಿನೆಲೆ ತಿರುಗಿ ಬರುತ್ತದೆ. ರೈತರು ಅದನ್ನು ಅಂಬಲಿಯಲ್ಲೋ ಮಜ್ಜಿಗೆಯಲ್ಲೋ ಕಲಸಿ ಹೊಲದ ನಾಲ್ಕೂ ಮೂಲೆಗೆ ಚರಗ ಚೆಲ್ಲುತ್ತಾರೆ. ಬೆಳೆಗೆ ಹುಳ ಬೀಳದಿರಲಿ, ತೆನೆ ಕಾಳುಗಟ್ಟಲಿ ಎಂಬುದು ಹರಕೆ. ಮನೆಯ ಕಣಜದಿಂದ ಹೊರಟ ಕಾಳು ಬೀದಿಯಲ್ಲಿ ಹಾಡಾಗಿ, ಮತ್ತೆ ಹೊಲಕ್ಕೇ ಹೋಗಿ ಸೇರುತ್ತದೆ.

ಅವನ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಭಾಗ ಇನ್ನೊಂದಿದೆ. ಗಣಪ ಭೂಮಿಗೆ ಬಂದು ಕಡುಬು, ಹೋಳಿಗೆ ಉಂಡು ಹೋಗುತ್ತಾನೆ. ಭೂಲೋಕದಲ್ಲಿ ಎಲ್ಲ ಸುಖವಾಗಿದ್ದಾರೆ ಎಂದು ಶಿವನಿಗೆ ವರದಿ ಒಪ್ಪಿಸುತ್ತಾನೆ. ಬೆನ್ನಿಗೇ ಬರುವ ಜೋಕುಮಾರ ಬಡವರ ಕೇರಿಗಳಲ್ಲಿ ಅಲೆದು, ಮಳೆಯಿಲ್ಲದೆ ಬಾಡಿದ ಪೈರನ್ನೂ ಬರಿದಾದ ಗಡಿಗೆಯನ್ನೂ ಕಂಡು, ಇದ್ದದ್ದನ್ನು ಇದ್ದಹಾಗೆ ಹೇಳುತ್ತಾನೆ. ಆಗ ಮಳೆ ಬರುತ್ತದೆ ಎಂದು ನಂಬಿಕೆ. ಭಾದ್ರಪದದ ಹೊತ್ತಿಗೆ ಮುಂಗಾರಿನ ಬೆಳೆ ಕಾಳುಗಟ್ಟುವ ಹಂತದಲ್ಲಿರುತ್ತದೆ. ಆಗ ಹದಿನೈದು ದಿನ ಮಳೆ ಕೈಕೊಟ್ಟರೆ ವರ್ಷದ ದುಡಿಮೆ ಹೊಲದಲ್ಲೇ ಒಣಗುತ್ತದೆ. ಸರಿಯಾಗಿ ಆ ಹೊತ್ತಿನಲ್ಲಿ, ಊರಿನ ಹಸಿವಿನ ಸುದ್ದಿ ಮೇಲಿನವರಿಗೆ ಮುಟ್ಟಿಸಲು ಹಳ್ಳಿಗರು ಮಣ್ಣಿನಿಂದ ಒಬ್ಬ ವರದಿಗಾರನನ್ನು ಮಾಡಿಕೊಂಡರು. ಕಲೆಗೆ ಇದಕ್ಕಿಂತ ದೊಡ್ಡ ಕೆಲಸ ಯಾವುದನ್ನು ವಹಿಸಲು ಸಾಧ್ಯ?

ಏಳು ದಿನದ ಬಾಳು ಅವನದು. ಅನಂತನ ಹುಣ್ಣಿಮೆಯ ರಾತ್ರಿ ಸಾಯುತ್ತಾನೆ, ಹಳ್ಳದ ದಂಡೆಯಲ್ಲಿ ಅಗಸರು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವನನ್ನು ಹಾಕಿ ಬರುತ್ತಾರೆ. ಮೂರು ದಿನ ಅಲ್ಲಿ ಬಟ್ಟೆ ಒಗೆಯಬಾರದು ಎಂಬ ಕಟ್ಟು ಹಲವು ಊರುಗಳಲ್ಲಿತ್ತು. ಹಿಂದಿನವರಿಗೆ ಪರಿಸರ ವಿಜ್ಞಾನ ಗೊತ್ತಿತ್ತು ಎಂದು ಹೇಳಲು ನಾನು ಹೊರಟಿಲ್ಲ, ಅಂಥ ಮಾತನ್ನು ನಾನು ಒಪ್ಪುವುದೂ ಇಲ್ಲ. ಅವರಿಗೆ ಅದು ಸಾವಿನ ಸೂತಕ. ಆದರೂ ಕಣ್ಣೆದುರಿಗಿರುವುದನ್ನು ಹೇಳಬಹುದಲ್ಲ. ಸುಡದ ಮಣ್ಣು ಒಂದು ಮಳೆಗೆ ಕರಗುತ್ತದೆ, ಬೇವಿನ ಸೊಪ್ಪು ಗೊಬ್ಬರವಾಗುತ್ತದೆ, ಬೆಣ್ಣೆ ಇರುವೆಗಳ ಪಾಲಾಗುತ್ತದೆ. ಹಳ್ಳದಲ್ಲಿ ಏನೂ ಉಳಿಯುವುದಿಲ್ಲ.

ಇದರ ಪಕ್ಕದಲ್ಲಿ ಹರಿಹರದ ಹೊಳೆಯ ದಂಡೆಯನ್ನು ಇಟ್ಟು ನೋಡೋಣ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಅಲ್ಲಿ ಹರಿಹರೇಶ್ವರನ ಗುಡಿ ಕಟ್ಟಿಸಿದ. ಅರ್ಧ ಶಿವ, ಅರ್ಧ ವಿಷ್ಣು ಆದ ಮೂರ್ತಿ. ಜಗಳವಾಡುವ ಎರಡು ಮತಗಳನ್ನು ಒಂದೇ ಕಲ್ಲಿನಲ್ಲಿ ನಿಲ್ಲಿಸಿದ ಆ ಕೆಲಸವೂ ಸಾರ್ವಜನಿಕ ಕಲೆಯೇ, ಎಂಟು ನೂರು ವರ್ಷ ಬಾಳಿದೆ. ಕಲ್ಲು ಉಳಿಯಬೇಕಾದದ್ದು, ಉಳಿಯಿತು. ಮಣ್ಣು ಕರಗಬೇಕಾದದ್ದು, ಕರಗುತ್ತಿತ್ತು. ತೊಂದರೆ ಶುರುವಾದದ್ದು ಕರಗಬೇಕಾದ ಮೂರ್ತಿಯನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನಿಂದ ಮಾಡತೊಡಗಿದಾಗ. ಅದು ಕಲ್ಲಿನಂತೆ ನಿಲ್ಲುವುದೂ ಇಲ್ಲ, ಮಣ್ಣಿನಂತೆ ಕರಗುವುದೂ ಇಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2010ರಲ್ಲಿ ವಿಸರ್ಜನೆಯ ಬಗ್ಗೆ ಸೂಚನೆಗಳನ್ನು ಹೊರಡಿಸಿತು. ನಮ್ಮ ರಾಜ್ಯದ ಮಂಡಳಿ 2016ರಲ್ಲಿ ಪಿಒಪಿ ಮೂರ್ತಿಗಳನ್ನು ಕೆರೆ ಹೊಳೆಗಳಲ್ಲಿ ಬಿಡುವುದನ್ನು ನಿಷೇಧಿಸಿತು. ಕಾನೂನು ಬಂದದ್ದು ಒಳ್ಳೆಯದೇ. ಆದರೆ ಮಣ್ಣಿನ ಮೂರ್ತಿ ಮಾಡುವ ಕುಂಬಾರನಿಗೆ ಕೆರೆಯ ಜೇಡಿಮಣ್ಣು ಸಿಗುವ ಹಾಗೆ ಮಾಡದೆ ಬರೀ ನಿಷೇಧ ಹೇರಿದರೆ ಮಾರುಕಟ್ಟೆ ಬೇರೆ ದಾರಿ ಹುಡುಕಿಕೊಳ್ಳುತ್ತದೆ. ಕೆರೆಯ ಹೂಳೆತ್ತುವಾಗ ಮೊದಲ ಕೆಲವು ಗಾಡಿ ಮಣ್ಣು ಕುಂಬಾರರ ಅಂಗಳಕ್ಕೆ ಹೋಗಬೇಕು. ಇಷ್ಟು ಮಾಡಲು ದೊಡ್ಡ ಯೋಜನೆಯೇನೂ ಬೇಕಿಲ್ಲ.

ಜೋಕುಮಾರ ಸತ್ತು ತಿಂಗಳಿಗೆ ಸೀಗೆ ಹುಣ್ಣಿಮೆ. ಮಲೆನಾಡಿನವರು ಭೂಮಿ ಹುಣ್ಣಿಮೆ ಎನ್ನುತ್ತಾರೆ. ಪೈರು ತುಂಬಿ ನಿಂತ ಭೂಮಿ ತುಂಬು ಬಸುರಿ, ಅವಳ ಬಯಕೆ ತೀರಿಸಬೇಕು ಎಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ಹಬ್ಬ. ನಮ್ಮ ಕಡೆ ಎತ್ತಿನ ಗಾಡಿ ಹೋಗಿ ಟ್ರ್ಯಾಕ್ಟರ್ ಬಂದಿದೆ, ಹೊಲದಲ್ಲಿ ಜೋಳದ ಬದಲು ಮೆಕ್ಕೆಜೋಳ ನಿಂತಿದೆ, ಆದರೂ ಬುತ್ತಿ ತಪ್ಪಿಲ್ಲ. ಶಿಕಾರಿಪುರ ದಾಟಿ ಸೊರಬ, ಸಾಗರದ ಕಡೆ ಹೋದರೆ ಇದೇ ಹಬ್ಬಕ್ಕೆ ದೀವರ ಮನೆಯ ಹೆಣ್ಣುಮಕ್ಕಳು ಬುಟ್ಟಿಗೆ ಚಿತ್ತಾರ ಬರೆಯುತ್ತಾರೆ. ಬುಟ್ಟಿಗೆ ಮೊದಲು ಸಗಣಿ, ಕೆಮ್ಮಣ್ಣು ಬಳಿದು ಒಣಗಿಸುತ್ತಾರೆ. ಅಕ್ಕಿ ನೆನೆಸಿ ಅರೆದ ಬಿಳಿ, ಪುಂಡಿನಾರಿನ ಕುಂಚ. ಎಳೆ ಎಳೆಯಾಗಿ ಭತ್ತದ ತೆನೆ, ಸಸಿ, ಏಣಿ ಮೂಡುತ್ತವೆ. ಭೂಮಣ್ಣಿ ಬುಟ್ಟಿ ಎಂದು ಅದರ ಹೆಸರು. ರಾತ್ರಿಯಿಡೀ ಅಡುಗೆ. ಹತ್ತಾರು ಬಗೆಯ ಸೊಪ್ಪು ಬೇಯಿಸಿ ಮಾಡಿದ ಹಚ್ಚಂಬಲಿಯನ್ನು ಬೆಳಗಿನ ಜಾವ ಗದ್ದೆಗೆ ಬೀರಿ, ಭೂಮಿತಾಯಿಗೆ ಎಡೆಯಿಟ್ಟು, ಉಳಿದದ್ದನ್ನು ಬದುವಿನ ಮೇಲೆ ಕೂತು ಎಲ್ಲರೂ ಉಣ್ಣುತ್ತಾರೆ. ಅಕ್ಕಿಯ ಬಿಳಿಯಲ್ಲಿ ಬರೆದ ಭತ್ತದ ತೆನೆ, ಅದರೊಳಗೆ ಅದೇ ಗದ್ದೆಯ ಅನ್ನ! ಕಲೆ ಯಾವುದು, ಊಟ ಯಾವುದು ಎಂದು ಬಿಡಿಸಿ ಹೇಳಲು ಬರುವುದಿಲ್ಲ.

ಚಂದ್ರಶೇಖರ ಕಂಬಾರರು 1972ರಲ್ಲಿ ‘ಜೋಕುಮಾರಸ್ವಾಮಿ’ ನಾಟಕ ಕೊಟ್ಟಾಗ, ಅದನ್ನು ಬಿ.ವಿ. ಕಾರಂತರು ಬೆಂಗಳೂರಿನಲ್ಲಿ ಬಯಲು ರಂಗದ ಮೇಲೆ ಆಡಿಸಿದಾಗ, ಪಟ್ಟಣದ ಪ್ರೇಕ್ಷಕರಿಗೆ ಜೋಕುಮಾರನ ಆಚರಣೆಯ ಇನ್ನೊಂದು ಮುಖ ಕಂಡಿತು. ಅಲ್ಲಿ ಪಡುವಲಕಾಯಿಯೇ ಜೋಕುಮಾರಸ್ವಾಮಿ. ಅದನ್ನು ಪಲ್ಯ ಮಾಡಿ ಉಣ್ಣಿಸಿದರೆ ಸಂತಾನವಾಗುತ್ತದೆ. ಉಣ್ಣಬೇಕಾದ ಗೌಡನ ಬದಲು ಉಳುವ ಬಸಣ್ಣ ಉಣ್ಣುತ್ತಾನೆ. ನೆಲ ಯಾರದು, ಅದರ ಫಲ ಯಾರದು ಎಂಬ ಪ್ರಶ್ನೆ ಒಂದು ತಟ್ಟೆ ಪಲ್ಯದಲ್ಲಿ ಬಂದು ಕೂತಿತು. ಊಟದ ಬಗ್ಗೆ ಕಲೆ ಮಾತಾಡಿದರೆ ಅದು ನೆಲದ ಒಡೆತನದವರೆಗೆ ಹೋಗಲೇಬೇಕು, ರುಚಿಯ ಬಳಿ ನಿಲ್ಲುವಂತಿಲ್ಲ.

ನಮ್ಮ ಹೊಳೆಯಾಚೆ ಆ ಪ್ರಶ್ನೆ ಬೀದಿಗೇ ಬಂದ ವರ್ಷವೊಂದಿದೆ. 1984ರಲ್ಲಿ ರಾಜ್ಯ ಸರ್ಕಾರದ ಅರಣ್ಯ ನಿಗಮ ಮತ್ತು ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿ ಮಾಡಿದವು. ಸುಮಾರು 75,000 ಎಕರೆ ಸರ್ಕಾರಿ ಭೂಮಿಯಲ್ಲಿ ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಸುವುದು ಗುರಿ. ಆ ಭೂಮಿಯಲ್ಲಿ ಹಳ್ಳಿಗಳ ಗೋಮಾಳ, ಸೊಪ್ಪಿನ ಬೆಟ್ಟ, ಸೌದೆಯ ಕಾಡು ಸೇರಿದ್ದವು. ನೀಲಗಿರಿಯ ಎಲೆಯನ್ನು ದನ ಮೂಸುವುದಿಲ್ಲ, ಅದರ ನೆರಳಲ್ಲಿ ಹುಲ್ಲು ಏಳುವುದಿಲ್ಲ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹಳ್ಳಿಗರನ್ನು ಸಂಘಟಿಸಿತು. ಶಿವರಾಮ ಕಾರಂತರೂ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 1987ರ ನವೆಂಬರ್ 14ರಂದು, ಇಂದು ಹಾವೇರಿ ಜಿಲ್ಲೆಗೆ ಸೇರಿರುವ ಕುಸನೂರಿನಲ್ಲಿ ಜನ ಕೂಡಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಊರಿಗೆ ಬೇಕಾದ ಗಿಡಗಳನ್ನು ನೆಟ್ಟರು. ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ಎಂದು ಅದಕ್ಕೆ ಹೆಸರಾಯಿತು. 1991ರಲ್ಲಿ ಆ ಜಂಟಿ ಕಂಪನಿ ಮುಚ್ಚಿತು.

ಅದೇ 1987ರ ಬೇಸಿಗೆಯಲ್ಲಿ ಜರ್ಮನಿಯ ಕಾಸೆಲ್ ನಗರದಲ್ಲಿ ಏಳು ಸಾವಿರನೆಯ ಓಕ್ ಮರವನ್ನು ನೆಟ್ಟು ಕಲಾವಿದ ಯೋಸೆಫ್ ಬಾಯ್ಸ್‌ನ ಕೃತಿಯನ್ನು ಪೂರ್ತಿ ಮಾಡಿದರು. ಪ್ರತಿ ಮರದ ಪಕ್ಕ ಒಂದು ಬಸಾಲ್ಟ್ ಕಲ್ಲು. 1982ರಲ್ಲಿ ಶುರುಮಾಡಿದ ಬಾಯ್ಸ್ ಅದು ಮುಗಿಯುವ ಮೊದಲೇ ತೀರಿಕೊಂಡಿದ್ದ. ಅದೇ 1982ರಲ್ಲಿ ಆಗ್ನೆಸ್ ಡೆನೆಸ್ ಎಂಬ ಕಲಾವಿದೆ ನ್ಯೂಯಾರ್ಕಿನ ಷೇರುಪೇಟೆಯ ಕೂಗಳತೆಯಲ್ಲಿ, ಮಣ್ಣು ತುಂಬಿ ಸಮಮಾಡಿದ ಎರಡು ಎಕರೆ ಜಾಗದಲ್ಲಿ ಗೋಧಿ ಬಿತ್ತಿದಳು. ಕಲ್ಲು ಕಸ ಆರಿಸಿ, ಕೈಯಲ್ಲೇ ಸಾಲು ತೆಗೆದು, ಆಗಸ್ಟಿನಲ್ಲಿ ಸುಮಾರು 450 ಕಿಲೋ ಗೋಧಿ ಕೊಯ್ದಳು. ಕೋಟಿಗಟ್ಟಲೆ ಬೆಲೆಯ ನೆಲದಲ್ಲಿ ಗೋಧಿ ಬೆಳೆಯುವುದೇ ಅವಳ ಪ್ರಶ್ನೆಯಾಗಿತ್ತು. ಇವರಿಬ್ಬರ ಕೆಲಸ ಕಲೆಯ ಚರಿತ್ರೆಯ ಪುಸ್ತಕಗಳಲ್ಲಿದೆ. ಕುಸನೂರಿನದು ಚಳವಳಿಯ ಚರಿತ್ರೆಯಲ್ಲಿ ಮಾತ್ರ ಇದೆ. ಸಾಲಾಗಿ ನಿಂತು ಕೀಳುವ ಕೈ, ಹಿಂದೆಯೇ ಹಚ್ಚುವ ಕೈ, ಅದನ್ನು ನೋಡಲು ನೆರೆದ ಊರು. ಇದು ಎಲ್ಲ ಅರ್ಥದಲ್ಲೂ ಕಲೆ ಎಂದು ನಾನು ದೃಢವಾಗಿ ಹೇಳುತ್ತೇನೆ. ಕುಸನೂರಿನ ಜನ ಬಾಯ್ಸ್‌ನ ಹೆಸರು ಕೇಳಿರಬೇಕಾಗಿರಲಿಲ್ಲ. ಅವರ ಹಿಂದೆ ಚರಗ ಚೆಲ್ಲಿದ ನೂರಾರು ವರ್ಷಗಳ ಅಭ್ಯಾಸ ಇತ್ತು.

ಇನ್ನು ದಾವಣಗೆರೆ ನಗರಕ್ಕೆ ಬರೋಣ. ಇಲ್ಲಿ ಕಲೆ ಮತ್ತು ಊಟ ಮೊದಲಿನಿಂದ ಒಂದೇ ಬಾಗಿಲಲ್ಲಿ ನಿಂತಿವೆ. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ತಾಯಿ ವಸಂತ ಟಾಕೀಸಿನ ಹತ್ತಿರ, ಸಾವಳಗಿ ನಾಟಕ ಥಿಯೇಟರಿನ ಎದುರು ದೋಸೆ ಹಾಕತೊಡಗಿದಳು, ಮೊದಲಿಗೆ ರಾಗಿ ದೋಸೆ, ಬರಬರುತ್ತ ಅದೇ ಬೆಣ್ಣೆ ದೋಸೆ ಆಯಿತು ಎಂದು ಊರಲ್ಲಿ ಹೇಳುತ್ತಾರೆ. ನಾಟಕ ಕಂಪನಿಗಳಿಗೆ ದಾವಣಗೆರೆ ತವರು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಕಂಪನಿ ಈ ಊರಿನದೇ. ನಾಟಕ ನೋಡಲು ಬಂದವರು ದೋಸೆ ತಿಂದರು, ದೋಸೆ ತಿನ್ನಲು ಬಂದವರು ನಾಟಕ ನೋಡಿದರು. ಆ ದೋಸೆಯ ಹಿಟ್ಟಿಗೆ ಅಕ್ಕಿಯ ಜೊತೆ ಮಂಡಕ್ಕಿ ಬೀಳುತ್ತದೆ. ಮಂಡಕ್ಕಿ ಎಲ್ಲಿಂದ ಬರುತ್ತದೆಂದು ನೋಡಲು ಹೊರಟರೆ ಊರಿನ ಇನ್ನೊಂದು ತುದಿಯ ಭಟ್ಟಿಗಳಿಗೆ ಹೋಗಬೇಕು.

ಭಟ್ಟಿಯೊಳಗೆ ಕಾಲಿಟ್ಟರೆ ಮೊದಲು ಕಣ್ಣು ಉರಿಯುತ್ತದೆ. ಬಾಣಲೆಯಲ್ಲಿ ಮರಳು ಕಾದಿರುತ್ತದೆ. ನೆನೆಸಿ, ಕುದಿಸಿ, ಒಣಗಿಸಿ, ಸಿಪ್ಪೆ ಬಿಡಿಸಿ, ಉಪ್ಪುನೀರು ಹಿಡಿಸಿದ ಅಕ್ಕಿಯನ್ನು ಆ ಮರಳಿಗೆ ಸುರಿದ ಕೂಡಲೇ ಚಟಪಟ ಎಂದು ಅರಳಿ, ಬಾಣಲೆಯ ತುಂಬ ಬಿಳಿ ಉಕ್ಕುತ್ತದೆ. ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಒಲೆಯ ಬಾಯಿಯ ಮುಂದೆ ಕೂತವರ ರೆಪ್ಪೆಯ ಮೇಲೂ ಬೂದಿ. ಭದ್ರಾ ನಾಲೆಯ ನೀರಲ್ಲಿ ಬೆಳೆದ ಭತ್ತ, ಅದೇ ಭತ್ತದ ಹೊಟ್ಟಿನ ಉರಿ. ನರ್ಗೀಸ್ ಮಂಡಕ್ಕಿ, ಮಿರ್ಚಿಯ ಜೊತೆಗಿನ ಖಾರ ಮಂಡಕ್ಕಿ ಎಲ್ಲದರ ಮೂಲ ಇಲ್ಲಿ. ಹೊಟ್ಟು ಸಾಲದಾದಾಗ ಹಳೆಯ ಟೈರು ಸುಟ್ಟದ್ದೂ ಉಂಟು. ಆ ಕರಿ ಹೊಗೆಯ ವಿರುದ್ಧ ಸುತ್ತಲಿನ ಬಡಾವಣೆಯವರು ಬಹುಕಾಲ ದೂರಿದರು. ಆದರೆ ಆ ಹೊಗೆಯನ್ನು ಎಲ್ಲರಿಗಿಂತ ಹೆಚ್ಚು ಕುಡಿದವರು ಭಟ್ಟಿಯ ಕೆಲಸದವರೇ ಎಂಬುದನ್ನು ಮರೆಯಬಾರದು. 2016ರ ಜನವರಿಯಲ್ಲಿ ದಾವಣಗೆರೆ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಗೇ ಸೇರಿತು. ಆಗ ಮುಂದಿಟ್ಟ ಯೋಜನೆಯಲ್ಲಿ ಈ ಭಟ್ಟಿ ಪ್ರದೇಶದ ಸುಧಾರಣೆಯೂ ಇತ್ತು.

ಈಗ ಗೋಡೆಗಳ ಮಾತು. ಯಾವ ಪಟ್ಟಣಕ್ಕೆ ಹೋದರೂ ಗೋಡೆಯ ಮೇಲೆ ಅದೇ ಹಳ್ಳಿ. ತೆಂಗಿನ ಮರ, ಗುಡಿಸಲು, ಕೊಡ ಹೊತ್ತ ಹೆಂಗಸು, ಹಸಿ ಕಸ ಒಣ ಕಸದ ಎರಡು ಬುಟ್ಟಿ. ಬರೆದವರ ಕೈ ಕೆಟ್ಟದ್ದಲ್ಲ, ಬರೆಸಿದವರು ಊರನ್ನು ನೋಡಿಲ್ಲ. ಹುಬ್ಬಳ್ಳಿ ದಾರಿಯಲ್ಲಿ ಶಿಗ್ಗಾವಿಯ ಗೊಟಗೋಡಿಯ ಹತ್ತಿರ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ನೋಡಿದವರಿಗೆ ವ್ಯತ್ಯಾಸ ಗೊತ್ತಾಗುತ್ತದೆ. 2020ರಲ್ಲಿ ತೀರಿಕೊಂಡ ಆ ಹಿರಿಯರು ದೊಡ್ಡಾಟಕ್ಕೆ ಮರುಜೀವ ಕೊಡಲು ದುಡಿದವರು. ಸಿಮೆಂಟಿನಲ್ಲಿ ಅವರು ನಿಲ್ಲಿಸಿದ ಹಳ್ಳಿಯ ಜನರನ್ನು ಹೆಸರು ಹಿಡಿದು ಕರೆಯಬಹುದು, ಅಷ್ಟು ಗುರುತಿನವರು. ಹೋಗುತ್ತಿರುವ ಬದುಕನ್ನು ಹಿಡಿದಿಡಬೇಕೆಂಬ ಅವರ ಆತುರ ನನಗೆ ಅರ್ಥವಾಗುತ್ತದೆ. ಆದರೂ ಸಿಮೆಂಟಿನ ಬಾಯಿಗೆ ಬೆಣ್ಣೆ ಹಚ್ಚಲು ಯಾರೂ ಬರುವುದಿಲ್ಲ. ದಾವಣಗೆರೆಯಲ್ಲಿ ಹೋಗದೆ ಉಳಿದ ಬದುಕೇ ಬೇಕಾದಷ್ಟಿದೆ, ಅದಕ್ಕೆ ಬೇರೆ ಬಗೆಯ ಕಲೆ ಬೇಕು.

ದಾವಣಗೆರೆಯಲ್ಲಿ 1964ರಿಂದ ಚಿತ್ರಕಲೆ ಕಲಿಸುತ್ತ ಬಂದ, ಇಂದು ದಾವಣಗೆರೆ ವಿಶ್ವವಿದ್ಯಾನಿಲಯಕ್ಕೆ ಸೇರಿರುವ ದೃಶ್ಯಕಲಾ ಮಹಾವಿದ್ಯಾಲಯವಿದೆ. ಭಟ್ಟಿಗಳ ಗೋಡೆಗಳಿವೆ. ಸುಣ್ಣ, ಕೆಮ್ಮಣ್ಣು, ಹೊಟ್ಟಿನ ಬೂದಿಯ ಕಪ್ಪು ಇಲ್ಲೇ ಸಿಗುತ್ತವೆ. ಮಳೆಗಾಲಕ್ಕೆ ಮಾಸುವ ಆ ಬಣ್ಣದಲ್ಲಿ, ಭಟ್ಟಿಯ ಮನೆಗಳ ಹೆಣ್ಣುಮಕ್ಕಳನ್ನು ಜೊತೆಗೂಡಿಸಿಕೊಂಡು, ವರ್ಷಕ್ಕೊಮ್ಮೆ ಬರೆಯಲಿ. ಭದ್ರಾ ನಾಲೆಯಿಂದ ದೋಸೆಯ ಕಾವಲಿಯವರೆಗೆ ಅಕ್ಕಿ ನಡೆದ ದಾರಿ ಬರಲಿ. ಹೊಗೆ ಎಲ್ಲಿ ಹೋಯಿತು, ಯಾರ ಎದೆಗೆ ಹೋಯಿತು ಎಂಬುದೂ ಬರಲಿ. ಬರೆದು ಮುಗಿದ ದಿನ ಆ ಬೀದಿಯಲ್ಲೇ ಊಟವಾಗಲಿ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಗೆ ಮನೆಮನೆಯಲ್ಲೂ ನೆಂಟರಿಗೆ ಎಲೆ ಹಾಕುವ ಊರಿಗೆ ಇದು ಕಷ್ಟವಲ್ಲ. ಮಾಸಿದ ಗೋಡೆಗೆ ಮುಂದಿನ ವರ್ಷ ಮತ್ತೆ ಸುಣ್ಣ, ಮತ್ತೆ ಹೊಸ ಚಿತ್ರ. ಆ ವರ್ಷ ಒಲೆ ಬದಲಾಗಿದ್ದರೆ ಚಿತ್ರವೂ ಬದಲಾಗುತ್ತದೆ.

ಕೊನೆಯದಾಗಿ ಒಂದು ಮಾತು, ಇದನ್ನು ಹೇಳದೆ ಜೋಕುಮಾರನ ವಿಷಯ ಮುಗಿಸುವುದು ನ್ಯಾಯವಲ್ಲ. ಬುಟ್ಟಿ ಹೊರುವ ಮನೆತನಗಳು ಇಂದು ಕಡಿಮೆಯಾಗುತ್ತಿವೆ. ಹೊಸ ತಲೆಮಾರಿನ ಹೆಣ್ಣುಮಕ್ಕಳು ಮನೆಮನೆಗೆ ಹೋಗಿ ಕಾಳು ಪಡೆಯಲು ಒಪ್ಪುವುದಿಲ್ಲ. ಓದುತ್ತಿರುವ ಮಗಳು ತನ್ನ ಸಹಪಾಠಿಯ ಮನೆಯ ಅಂಗಳದಲ್ಲಿ ಮೊರ ಒಡ್ಡಿ ಕೂರಬೇಕು ಎನ್ನಲು ನಮಗೆ ಯಾವ ಹಕ್ಕೂ ಇಲ್ಲ. ಜಾತಿಗೊಂದು ಕೆಲಸ ಹಂಚಿ ನಡೆಸಿದ ಆಚರಣೆ ಅದು. ಸಂಪ್ರದಾಯ ಉಳಿಯಲಿ ಎಂದು ಹೇಳುವವರು ಸಾಮಾನ್ಯವಾಗಿ ಬುಟ್ಟಿ ಹೊರುವವರಲ್ಲ, ಜಗಲಿಯ ಮೇಲೆ ಕೂತು ನೋಡುವವರು. ಹಾಡು ಗೊತ್ತಿರುವ, ಹಸಿ ಮಣ್ಣಿನಲ್ಲಿ ಆ ಕಣ್ಣು ಬಾಯಿ ಮೂಡಿಸಲು ಬರುವ ಹಿರಿಯ ಅಮ್ಮಂದಿರು ಹರಿಹರ, ಹೊನ್ನಾಳಿ, ಜಗಳೂರಿನ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಭಾದ್ರಪದದ ಆ ಏಳು ದಿನ ಅವರನ್ನು ಕಲಾಶಾಲೆಗೆ, ಊರಿನ ಸರ್ಕಾರಿ ಶಾಲೆಗೆ ಗುರುಗಳಾಗಿ ಕರೆಯೋಣ. ಅವರನ್ನು ಕುರ್ಚಿ ಹಾಕಿ ಕೂರಿಸೋಣ, ಕಲಿಯುವವರು ನೆಲದ ಮೇಲೆ ಕೂರಲಿ. ಎಲ್ಲ ಜಾತಿಯ ಮಕ್ಕಳ ಕೈಗೂ ಮಣ್ಣು ಬರಲಿ, ಬುಟ್ಟಿಯನ್ನು ಸರದಿಯ ಮೇಲೆ ಎಲ್ಲರೂ ಹೊರಲಿ. ಹೊರಗಿನಿಂದ ಬರುವ ಅಧ್ಯಾಪಕರಿಗೆ ಕೊಡುವ ಸಂಭಾವನೆಯನ್ನೇ, ಅಷ್ಟೇ ಮೊತ್ತವನ್ನು, ಆ ಅಮ್ಮಂದಿರ ಹೆಸರಿನ ಬ್ಯಾಂಕ್ ಖಾತೆಗೆ ಆ ವಾರವೇ ಹಾಕಬೇಕು.